ನಿಶ್ಚಿತಾರ್ಥದ ಪಟಕ್ಕೆ ಮುಂಬಯಿಯಲ್ಲಿ ಎಲ್ಲಿ ನಿಲ್ಲಬೇಕು?

ಹಳೆಯ ಮನೆಗಳ ನಡುಮನೆಯಲ್ಲಿ, ದೇವರ ಪಟಗಳ ಸಾಲು ಮುಗಿದ ಬಳಿಕ, ಅಜ್ಜ ಅಜ್ಜಿಯರ ಪಟವೊಂದು ತೂಗುತ್ತಿರುವುದನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ಅಜ್ಜ ಕುರ್ಚಿಯ ಮೇಲೆ ಕುಳಿತಿದ್ದಾರೆ. ಅಜ್ಜಿ ಕುರ್ಚಿಯ ಬೆನ್ನಿಗೆ ಕೈಯಿಟ್ಟು, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಹಿಂಬದಿಯಲ್ಲಿ ಸ್ಟುಡಿಯೋದವನ ಪರದೆ. ಅದರ ಮೇಲೆ ಬಣ್ಣದಲ್ಲಿ ಬರೆದ ಅರಮನೆಯ ಕಂಬಗಳು, ಅಮೃತಶಿಲೆಯ ಮೆಟ್ಟಲು, ದೂರದಲ್ಲೊಂದು ಕೊಳ, ಕೊಳದಲ್ಲಿ ಹಂಸ. ಆ ದಂಪತಿಗಳು ಸಂಸಾರ ಹೂಡಿದ್ದು ಗಿರಗಾಂವದ ಚಾಳಿನ ಹತ್ತಡಿ ಕೋಣೆಯಲ್ಲಿರಬಹುದು. ಪಟದಲ್ಲಿ ಮಾತ್ರ ಅವರಿಗೆ ಅರಮನೆ ಒದಗಿತು. ಇದರಲ್ಲಿ ನಗತಕ್ಕದ್ದೇನೂ ಇಲ್ಲ. ಆ ಪಟದ ಇನ್ನೊಂದು ಪ್ರತಿ ಊರಿಗೆ ಹೋಗಬೇಕಾಗಿತ್ತು. ಊರಿನಲ್ಲಿ ಕಾದು ಕುಳಿತ ತಾಯಿಗೆ ಚಾಳಿನ ಕೋಣೆಯನ್ನು ತೋರಿಸಿ ನೋಯಿಸಲು ಯಾವ ಮಗನಿಗೆ ಮನಸ್ಸು ಬಂದೀತು?

ಈಗ ಪರದೆ ಹೋಗಿ ಊರೇ ಪರದೆಯಾಗಿದೆ. ಮೈಸೂರಿನ ಕಡೆಯವರು ವೀಳ್ಯಶಾಸ್ತ್ರವೆನ್ನಲಿ, ನೆರೆಯ ಮರಾಠಿಗರು ಸಾಖರಪುಡಾ ಎನ್ನಲಿ, ಹೆಣ್ಣುಗಂಡಿನ ಮಾತು ನಿಶ್ಚಯವಾಯಿತೆಂದರೆ ಮುಂದಿನ ಪ್ರಶ್ನೆ, ಛತ್ರ ಯಾವುದು ಎಂಬುದಲ್ಲ, ಫೋಟೋ ಎಲ್ಲಿ ತೆಗೆಸುವುದು ಎಂಬುದು. ಫೋಟೋಗ್ರಾಫರನು ತನ್ನ ಬಳಿ ಇರುವ ಪಟ್ಟಿಯನ್ನು ಓದುತ್ತಾನೆ. ಆ ಪಟ್ಟಿಯಲ್ಲಿ ಐದಾರು ಸ್ಥಳಗಳು, ಎಲ್ಲರಿಗೂ ಅವೇ. ಆದುದರಿಂದ ಈಗಿನ ಆಲ್ಬಮ್ಮುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ ಸೇತುವೆ ಅದೇ, ಸೂರ್ಯಾಸ್ತ ಅದೇ, ಹುಡುಗಿ ಸೆರಗು ಹಾರಿಸುವ ಭಂಗಿಯೂ ಅದೇ. ಸ್ಟುಡಿಯೋದ ಹಂಸಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ವೆಚ್ಚ ಮಾತ್ರ ಬೇರೆ.

“ಮದುವೆಗೆ ಮುಂಚೆ ಇವರಿಬ್ಬರೂ ಬೀದಿಯಲ್ಲಿ ಕೈಕೈ ಹಿಡಿದು ನಿಲ್ಲುವುದೇನು?” ಎಂದು ಕೇಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ಆ ಮಾತಿನ ಕೆಳಗೆ ಬೇರೊಂದು ನೋವು ಇರುತ್ತದೆಂಬುದು ನನ್ನ ಅನುಭವ. ಮಗಳ ಮದುವೆಯ ಮೊದಲನೆಯ ಕಾರ್ಯವೇ ತಮ್ಮನ್ನು ಕೇಳದೆ, ತಮ್ಮನ್ನು ಕರೆಯದೆ, ತಾವು ಎಂದೂ ಕಾಲಿಡದ ಜಾಗದಲ್ಲಿ ನಡೆದುಹೋಯಿತೆಂಬ ನೋವು. ಸ್ಥಳದ ಆಯ್ಕೆ ಸರಿಯಾದರೆ ಈ ಜಗಳದ ಅರ್ಧ ತೀರುತ್ತದೆ. ಆದುದರಿಂದಲೇ ಈ ವಿಷಯ ನಾಲ್ಕು ಪುಟಗಳಿಗೆ ಯೋಗ್ಯವೆಂದು ನಾನು ತಿಳಿದಿದ್ದೇನೆ.

ಮೊದಲು ಬೆಳಕಿನ ಮಾತು. ಮುಂಬಯಿ ಕಿರಿದಾದ ನಾಲಗೆಯಂತೆ ಕಡಲೊಳಗೆ ಚಾಚಿರುವ ನಗರ. ಇದಕ್ಕೆ ಪಶ್ಚಿಮದಲ್ಲಿ ತೆರೆದ ಕಡಲು, ಪೂರ್ವದಲ್ಲಿ ಬಂದರಿನ ಶಾಂತ ನೀರು. ನೀರಿನ ಮೇಲೆ ಸೂರ್ಯೋದಯ ಬೇಕಾದವರು ಪೂರ್ವಕ್ಕೂ ಸೂರ್ಯಾಸ್ತ ಬೇಕಾದವರು ಪಶ್ಚಿಮಕ್ಕೂ ಹೋಗಬೇಕು. ಇಷ್ಟು ಸರಳ ಸಂಗತಿಯನ್ನು ಮರೆತು ಸಂಜೆ ಐದು ಗಂಟೆಗೆ ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋಗಿ, “ಸೂರ್ಯ ಎಲ್ಲಿ?” ಎಂದು ಹುಡುಕುವವರಿದ್ದಾರೆ. ಮೇ ತಿಂಗಳ ನಡುವಿನಲ್ಲಿ ಇಲ್ಲಿ ಸೂರ್ಯೋದಯ ಆರು ಗಂಟೆಯ ಸುಮಾರಿಗೆ, ಅಸ್ತಮಾನ ಏಳರ ಸುಮಾರಿಗೆ. ಡಿಸೆಂಬರಿನ ಕೊನೆಯಲ್ಲಿ ಉದಯ ಏಳು ದಾಟಿದ ಮೇಲೆ, ಅಸ್ತಮಾನ ಆರು ಗಂಟೆಗೇ. ಉದಯದ ನಂತರದ ಒಂದು ಗಂಟೆ ಮತ್ತು ಅಸ್ತಮಾನದ ಮುಂಚಿನ ಒಂದು ಗಂಟೆ, ಇವೆರಡೇ ಮನುಷ್ಯರ ಮುಖಕ್ಕೆ ಒಪ್ಪುವ ಬಿಸಿಲಿನ ಹೊತ್ತು. ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬಿದ್ದು ಕಣ್ಣಿನ ಗುಳಿಗಳಲ್ಲಿ ಕಪ್ಪು ನೆರಳು ತುಂಬುತ್ತದೆ; ಮೈಸೂರು ರೇಷ್ಮೆಯ ಜರಿ ಪಟದಲ್ಲಿ ಬಿಳಿಯ ಗೀಟಾಗಿ ಮಿಂಚಿ ಸೀರೆಯ ಬಣ್ಣವನ್ನೇ ನುಂಗುತ್ತದೆ.

ಗೇಟ್‌ವೇಯ ವಿಷಯವನ್ನು ಬೇಗ ಮುಗಿಸುತ್ತೇನೆ. 1924ರಲ್ಲಿ ತೆರೆದ ಈ ಕಮಾನಿನ ಹಳದಿ ಕಲ್ಲು ಎಳೆಬಿಸಿಲಿನಲ್ಲಿ ನಿಜವಾಗಿಯೂ ಚೆಲುವಾಗಿರುತ್ತದೆ. ಬೆಳಗಿನ ಸೂರ್ಯ ಬಂದರಿನ ಕಡೆಯಿಂದ ಬರುವುದರಿಂದ, ಊರಿನ ಕಡೆ ನಿಂತು ತೆಗೆದರೆ ಜೋಡಿಯೂ ಕಮಾನೂ ಕಪ್ಪು ಆಕೃತಿಗಳಾಗಿ ಮೂಡುತ್ತವೆ. ಕೆಲವರಿಗೆ ಅದೇ ಬೇಕು. ಮುಖ ಕಾಣಬೇಕೆನ್ನುವವರಿಗೆ ಅದು ಬೇಡ. ಏಳು ಗಂಟೆ ದಾಟಿದರೆ ಪ್ರವಾಸಿಗಳು, ಪಾರಿವಾಳಗಳು, ಎಲಿಫೆಂಟಾ ದೋಣಿಯವರು ಎಲ್ಲರೂ ನಿಮ್ಮ ಪಟದೊಳಗೆ ಬರುತ್ತಾರೆ. ಕ್ಯಾಮರವನ್ನು ನೌಕಾಪಡೆಯ ಹಡಗುಗಳ ಕಡೆಗೆ ತಿರುಗಿಸಬೇಡಿ ಎಂಬುದನ್ನೂ ನೆನಪಿಡತಕ್ಕದ್ದು.

ನನ್ನನ್ನು ಯಾರಾದರೂ ಒಂದೇ ಒಂದು ಸ್ಥಳ ಹೇಳಿರೆಂದರೆ ನಾನು ಓವಲ್ ಮೈದಾನವನ್ನು ಹೇಳುವೆನು. ಚರ್ಚ್‌ಗೇಟ್ ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆ. ಮೈದಾನದ ನಡುವೆ ಒಂದು ಕಾಲುದಾರಿ. ಅಲ್ಲಿ ನಿಂತು ಪೂರ್ವಕ್ಕೆ ಮುಖಮಾಡಿದರೆ ಹತ್ತೊಂಬತ್ತನೆಯ ಶತಮಾನ: ಹೈಕೋರ್ಟು, ವಿಶ್ವವಿದ್ಯಾಲಯದ ಗ್ರಂಥಾಲಯ, ಅದರ ಮೇಲೆ 1878ರಲ್ಲಿ ಪೂರ್ತಿಯಾದ ರಾಜಾಬಾಯಿ ಗಡಿಯಾರದ ಗೋಪುರ, ಚೂಪಾದ ಕಮಾನುಗಳು, ಕಲ್ಲಿನ ಕೆತ್ತನೆ. ತಿರುಗಿ ಪಶ್ಚಿಮಕ್ಕೆ ನೋಡಿದರೆ ಇಪ್ಪತ್ತನೆಯ ಶತಮಾನ: 1930ರ ದಶಕದ ಗುಂಡುಮೂಲೆಯ ಮನೆಗಳು, ತಿಳಿಬಣ್ಣದ ಬಾಲ್ಕನಿಗಳು, ಹಡಗಿನ ಕಟಾಂಜನವನ್ನು ನೆನಪಿಗೆ ತರುವ ಕಂಬಿಗಳು. 2018ರಲ್ಲಿ ಯುನೆಸ್ಕೋ ಈ ಎರಡು ಸಾಲುಗಳನ್ನೂ ಕೂಡಿಸಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹೆಣ್ಣಿನ ಮನೆಯವರು ಒಂದು ಕಾಲದವರು, ಗಂಡಿನ ಮನೆಯವರು ಇನ್ನೊಂದು ಕಾಲದವರು ಎಂಬಂತಹ ಸಂಬಂಧಗಳಿಗೆ ಈ ಮೈದಾನ ಬಹಳ ಚೆನ್ನಾಗಿ ಒಪ್ಪುತ್ತದೆಂದು ನಾನು ತಮಾಷೆಗೆ ಹೇಳುವುದುಂಟು.

ಬೆಳಕಿನ ದೃಷ್ಟಿಯಿಂದಲೂ ಓವಲ್ ಉಪಕಾರಿ. ಬೆಳಿಗ್ಗೆ ಸೂರ್ಯನು ಹೈಕೋರ್ಟಿನ ಬೆನ್ನ ಹಿಂದಿನಿಂದ ಏಳುವುದರಿಂದ ಪಶ್ಚಿಮದ ಮನೆಗಳ ಮೇಲೆ ಬಿಸಿಲು ಬೀಳುತ್ತದೆ. ಸಂಜೆ ನಾಲ್ಕೂವರೆಯ ಮೇಲೆ ಗೋಪುರದ ಕಡೆ ಬಿಸಿಲು. ಯಾವ ಹೊತ್ತಿಗೆ ಹೋದರೂ ಒಂದು ಪಕ್ಕ ನಿಮಗಾಗಿ ಬೆಳಗಿರುತ್ತದೆ. ಗೋಪುರದ ಕಲ್ಲಿನ ಬಣ್ಣ ಮಾಗಿದ ಗೋಧಿಯಂಥದು. ಅದರ ಮುಂದೆ ಹಳದಿ ಸೀರೆ ಉಟ್ಟರೆ ಕಲ್ಲೂ ಸೀರೆಯೂ ಒಂದಾಗಿಬಿಡುತ್ತವೆ. ಹಸಿರು, ನೀಲಿ, ಇಲ್ಲವೆ ಕೆಂಪು ಸೆರಗಿನ ಇಳಕಲ್ ಸೀರೆ ಎದ್ದು ಕಾಣುತ್ತದೆ. ಇಳಕಲ್ಲಿನ ಸೆರಗಿನ ತೆನೆ ಪಟದಲ್ಲಿ ಕಾಣುವಂತೆ ಹೊದೆಯಿರಿ. ಬಾಗಲಕೋಟೆಯ ಅಜ್ಜಿ ಮೊದಲು ನೋಡುವುದು ಅದನ್ನೇ. ಒಂದು ಎಚ್ಚರಿಕೆ: ರವಿವಾರ ಮೈದಾನದಲ್ಲಿ ಏಕಕಾಲಕ್ಕೆ ಹತ್ತಾರು ಕ್ರಿಕೆಟ್ ಪಂದ್ಯಗಳು ನಡೆಯುತ್ತವೆ, ಚೆಂಡಿಗೆ ಮದುವಣಗಿತ್ತಿಯೆಂಬ ದಾಕ್ಷಿಣ್ಯವಿಲ್ಲ. ವಾರದ ದಿನದ ಬೆಳಗೇ ವಾಸಿ.

ಓವಲಿನಿಂದ ಸ್ವಲ್ಪ ಪೂರ್ವಕ್ಕೆ, ಹಾರ್ನಿಮನ್ ಸರ್ಕಲಿನ ಎದುರಿಗೆ, ಟೌನ್ ಹಾಲು. 1833ರಲ್ಲಿ ಪೂರ್ತಿಯಾದ ಈ ಕಟ್ಟಡದಲ್ಲಿ ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯವಿದೆ. ದಪ್ಪ ಕಂಬಗಳು, ಅವುಗಳ ಮುಂದೆ ಅಗಲವಾದ ಮೂವತ್ತು ಮೆಟ್ಟಲು. ಕಟ್ಟಡದ ಮುಖ ಪಶ್ಚಿಮಕ್ಕಿರುವುದರಿಂದ ಬೆಳಿಗ್ಗೆಯೆಲ್ಲ ಮೆಟ್ಟಲುಗಳು ನೆರಳಿನಲ್ಲಿರುತ್ತವೆ. ಹೊಸಬರು ನೆರಳೆಂದರೆ ಬೇಡವೆನ್ನುತ್ತಾರೆ. ಬಲ್ಲವರು ಅದನ್ನೇ ಹುಡುಕುತ್ತಾರೆ. ಆ ನೆರಳಿನ ಬೆಳಕು ಮುಖದ ಮೇಲೆ ಸಮನಾಗಿ ಹರಡುತ್ತದೆ, ಯಾರೂ ಕಣ್ಣು ಕಿರಿದುಮಾಡಬೇಕಾಗಿಲ್ಲ. ರವಿವಾರ ಫೋರ್ಟಿನ ಆಫೀಸುಗಳು ಮುಚ್ಚಿರುವುದರಿಂದ ರಸ್ತೆಯೂ ಬರಿದು. ಪಟಕ್ಕೆಂದು ಹೋಗುವವರು ಕಾವಲಿನವರಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಲೇಸು.

ಈ ಮೆಟ್ಟಲುಗಳ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ನಮ್ಮ ಬಳಗದ ಒಂದು ಮನೆಯಲ್ಲಿ ಮಗಳ ನಿಶ್ಚಿತಾರ್ಥ. ಹುಡುಗ ಬೆಂಗಳೂರಿನವನು. ಹುಡುಗಿ ತನ್ನ ಸ್ನೇಹಿತೆಯರೊಡನೆ ಕೂಡಿ ಬಾಂದ್ರಾ, ವರ್ಲಿ, ವಸಾಯಿ ಎಂದು ಒಂದೇ ದಿನಕ್ಕೆ ಮೂರು ಸ್ಥಳ ಗೊತ್ತುಮಾಡಿದ್ದಳು. ತಾಯಿಗೆ ಇದು ಹಿಡಿಸಲಿಲ್ಲ. ತಂದೆ ಮಾತನಾಡಲಿಲ್ಲ. ಅವರು ಕುಂದಾಪುರದ ಹತ್ತಿರದ ಹಳ್ಳಿಯಿಂದ 1970ರ ದಶಕದಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ ಬಂದವರು. ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಬ್ಯಾಂಕಿನಲ್ಲಿ ಗುಮಾಸ್ತರಾದರು. ಹಾಗೆ ಬಂದವರು ನಮ್ಮಲ್ಲಿ ಎಷ್ಟು ಮಂದಿ! ಮನೆಯಲ್ಲಿ ಎರಡು ವಾರ ಮೌನ. ಕೊನೆಗೆ ಹುಡುಗಿಯೇ ಒಂದು ರಾತ್ರಿ, “ಅಪ್ಪಯ್ಯ, ನಿಮಗೆ ಈ ಊರಲ್ಲಿ ಇಷ್ಟದ ಜಾಗ ಯಾವುದು?” ಎಂದು ಕೇಳಿದಳಂತೆ. ಅವರು ಬಹಳ ಹೊತ್ತು ಯೋಚಿಸಿ, “ನಂಗೆಂತ ಇಷ್ಟದ ಜಾಗ ಮಗಾ? ಟೌನ್ ಹಾಲಿನ ಮೆಟ್ಲಲ್ಲಿ ಕೂತ್ರೆ ಗಾಳಿ ಚಲೋ ಬತ್ತಿತ್ತು” ಎಂದರು.

ಅವರು ಪಟ ತೆಗೆಸಿದ ದಿನ ನಾನೂ ಹೋಗಿದ್ದೆ. ರವಿವಾರ, ಬೆಳಿಗ್ಗೆ ಏಳೂವರೆ. ಹೋಟೆಲಿಗೆ ಬಾಗಿಲು ಹಾಕಿದ ಮೇಲೆ, ಶಾಲೆಯಿಂದ ಬಂದು, ಬೀದಿಯ ದೀಪದ ಬೆಳಕಿನಲ್ಲಿ ಆ ಮೆಟ್ಟಲುಗಳ ಮೇಲೆ ಕುಳಿತು ಪಾಠ ಓದುತ್ತಿದ್ದ ವಿಷಯವನ್ನು ಅವರು ಹೆಂಡತಿಗೂ ಹೇಳಿರಲಿಲ್ಲವಂತೆ. ಅಂದು ಭಾವೀ ಅಳಿಯನಿಗೆ ಹೇಳಿದರು. ಕನ್ನಡದಲ್ಲಿ, ನಿಧಾನವಾಗಿ, ಕೆಳಗಿನಿಂದ ಎಷ್ಟನೆಯ ಮೆಟ್ಟಲು ಎಂಬುದನ್ನೂ ತೋರಿಸಿ. ಫೋಟೋಗ್ರಾಫರನು ಜಾಣ, ಆ ಹೊತ್ತಿನಲ್ಲಿ ಯಾರನ್ನೂ “ಇತ್ತ ನೋಡಿ” ಎನ್ನದೆ ಸುಮ್ಮನೆ ತೆಗೆಯುತ್ತ ಹೋದನು. ಮುಂದೆ ಆಲ್ಬಮ್ಮಿನಲ್ಲಿ ಜೋಡಿಯ ಪಟಗಳು ಇಪ್ಪತ್ತಿದ್ದವು. ಹುಡುಗನ ತಾಯಿ ಬೆಂಗಳೂರಿನ ತಮ್ಮ ಮನೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದು ಮಾತ್ರ ಬೀಗರು ಬೆರಳು ತೋರಿಸುತ್ತಿರುವ ಆ ಪಟವನ್ನು.

ನಿಮ್ಮ ಮನೆಗೂ ಈ ಊರಿನಲ್ಲಿ ಅಂತಹದೊಂದು ಜಾಗ ಇದ್ದೇ ಇರುತ್ತದೆ. ಕೇಳಿ ನೋಡಬೇಕು ಅಷ್ಟೆ. ಧಾರವಾಡ, ಬೆಳಗಾವಿಯ ಕಡೆಯವರಿಗೆ ಅದು ಬೋರಿಬಂದರು ಆಗಿರಬಹುದು. ಪುಣೆಯ ಮಾರ್ಗವಾಗಿ ಬಂದು, ಟ್ರಂಕು ಹಿಡಿದು ಮೊದಲು ಇಳಿದದ್ದು ಅಲ್ಲಿಯೇ. 1888ರಲ್ಲಿ ಪೂರ್ತಿಯಾದ, ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿನ ಆ ನಿಲ್ದಾಣದ ಒಳಗೆ ಪಟದವರ ತಂಡ ಕಟ್ಟಿಕೊಂಡು ಹೋಗಬೇಕಾದರೆ ರೈಲ್ವೆಯ ಅನುಮತಿ ಬೇಕು. ಎದುರಿನ ಕಾಲುದಾರಿಯಿಂದ ತೆಗೆದರೆ ಗುಮ್ಮಟ ಸಹಿತ ಇಡೀ ಮುಂಭಾಗ ಹಿಡಿಯುತ್ತದೆ. ಸಂಜೆ ದೀಪ ಹಾಕಿದ ಮೇಲೆ, ಆಕಾಶ ಇನ್ನೂ ಪೂರ್ತಿ ಕಪ್ಪಾಗದ ಹದಿನೈದು ಇಪ್ಪತ್ತು ನಿಮಿಷ, ಅದಕ್ಕೆ ಒಳ್ಳೆಯ ಹೊತ್ತು. ಕರಾವಳಿಯವರಲ್ಲಿ, ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡತೊಡಗುವ ಮುಂಚೆ, ಬಸ್ಸಿನಲ್ಲಿ ಘಟ್ಟ ಸುತ್ತಿ ಬಂದವರೇ ಬಹಳ. ಅವರಿಗೂ ಮೊದಲಿನವರು ಹಡಗಿನಲ್ಲಿ ಬಂದರು.

ಹಾಗೆ ಬಂದವರೆಲ್ಲರೂ ಒಂದಲ್ಲ ಒಂದು ದಿನ ಹಾದುಹೋದ ಜಾಗ ಮಾಟುಂಗಾ. ಫೋಟೋಗ್ರಾಫರರ ಪಟ್ಟಿಯಲ್ಲಿ ಈ ಹೆಸರು ಕಾಣುವುದಿಲ್ಲ. ಅದೇ ಅದರ ಭಾಗ್ಯ. ಸ್ಟೇಷನ್ನಿನ ಪೂರ್ವದ ಬೀದಿಯಲ್ಲಿ ಬೆಳಿಗ್ಗೆ ಹೂವಿನವರು ಮಲ್ಲಿಗೆ, ಸೇವಂತಿಗೆ, ಕನಕಾಂಬರದ ರಾಶಿ ಹಾಕಿಕೊಂಡು ಕುಳಿತಿರುತ್ತಾರೆ. ಪಕ್ಕದಲ್ಲಿ ಬಾಳೆಯೆಲೆ, ವೀಳ್ಯದೆಲೆ, ತೆಂಗಿನಕಾಯಿ. ಹುಡುಗ ಹೂವು ಕೊಳ್ಳುತ್ತಾನೆ, ಹುಡುಗಿ ಚೌಕಾಸಿ ಮಾಡುತ್ತಾಳೆ; ಇದಕ್ಕೆ ಭಂಗಿ ಕಲಿಸಬೇಕಾಗಿಲ್ಲ. ಅಲ್ಲೇ ಸಮೀಪದಲ್ಲಿ ಎ. ರಾಮ ನಾಯಕರು 1942ರಲ್ಲಿ ತೊಡಗಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗು. ಭಾವು ದಾಜಿ ರಸ್ತೆಯಲ್ಲಿ, 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ನು. ಅದರ ಸಭಾಂಗಣದಲ್ಲಿ ನಾಟಕ ನೋಡಿದ, ನಾಟಕ ಆಡಿದ ಎಷ್ಟೋ ಮಂದಿಯ ಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಇನ್ನೂ ಮುಂದೆ ನಡೆದರೆ ಫೈವ್ ಗಾರ್ಡನ್ಸಿನ ದೊಡ್ಡ ಮರಗಳು. ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳದಂತೆ, ಗಟ್ಟಿ ನೆರಳಿನಲ್ಲಿ ನಿಂತರೆ ಸಾಕು. ಕಾಲುನೋವಿನ ಅಜ್ಜಿಯರಿಗೆ ಕುಳಿತುಕೊಳ್ಳಲು ಬೆಂಚುಗಳಿವೆ. ಪಟ ಮುಗಿದೊಡನೆ ಇಡ್ಲಿ ಸಾಂಬಾರು ತಿನ್ನಲು ದೂರ ಹೋಗಬೇಕಾಗಿಲ್ಲ ಎಂಬುದು ಕಡಿಮೆಯ ಅನುಕೂಲವೆ? ಹೋಟೆಲಿನ ಒಳಗೆ ಪಟ ಬೇಕೆಂದರೆ ಮಾಲೀಕರನ್ನು ಕೇಳಿ, ಗಿರಾಕಿಗಳ ಗದ್ದಲವಿಲ್ಲದ ಹೊತ್ತಿಗೆ ಹೋಗಬೇಕು. ಬಡಿಸುವವರ ದಾರಿಗೆ ಅಡ್ಡನಿಂತು ಪ್ರೇಮವನ್ನು ಅಭಿನಯಿಸುವುದು ಸಲ್ಲದು.

ವಾಲ್ಕೇಶ್ವರದ ಬಾಣಗಂಗೆಯ ವಿಷಯದಲ್ಲಿ ಮಾತ್ರ ನನಗೂ ಈಗಿನವರಿಗೂ ಭಿನ್ನಾಭಿಪ್ರಾಯ. ಮಲಬಾರ್ ಹಿಲ್ಲಿನ ಬೆನ್ನ ಹಿಂದೆ, ಎತ್ತರದ ಕಟ್ಟಡಗಳ ನಡುವೆ, ಮೆಟ್ಟಲು ಮೆಟ್ಟಲಾಗಿ ಇಳಿಯುವ ಆ ಪ್ರಾಚೀನ ಪುಷ್ಕರಿಣಿ ಬಹು ಸುಂದರವಾದುದು. ದೀಪಸ್ತಂಭಗಳು, ಬಾತುಕೋಳಿಗಳು, ಸುತ್ತಲೂ ಗುಡಿಗಳು. ನಮ್ಮ ಗೌಡ ಸಾರಸ್ವತ ಬಂಧುಗಳ ಮಠವೂ ಅಲ್ಲಿದೆ. ರಾಮನ ಬಾಣದಿಂದ ಚಿಮ್ಮಿದ ನೀರೆಂದು ಪ್ರತೀತಿ. ಆದರೆ ಆ ಮೆಟ್ಟಲುಗಳ ಮೇಲೆಯೇ ಜನ ಪಿತೃಕಾರ್ಯಕ್ಕೆ ಕುಳಿತುಕೊಳ್ಳುತ್ತಾರೆ. ಒಂದು ಪಕ್ಕದಲ್ಲಿ ತಲೆ ಬೋಳಿಸಿಕೊಂಡ ಮಗನೊಬ್ಬ ತಂದೆಗೆ ಪಿಂಡ ಬಿಡುತ್ತಿರುವಾಗ ಇನ್ನೊಂದು ಪಕ್ಕದಲ್ಲಿ “ಸ್ವಲ್ಪ ನಗಿ” ಎಂದು ಫೋಟೋಗ್ರಾಫರನು ಕೂಗುವುದು ನೋಡುವುದಕ್ಕೆ ಹಿತವಲ್ಲ. ಇದು ಶಕುನದ ಮಾತೆಂದು ತಿಳಿಯುವವರು ತಿಳಿಯಲಿ. ನನಗೆ ಇದು ಮರ್ಯಾದೆಯ ಮಾತು. ಅಲ್ಲಿಗೆ ದೇವರ ದರ್ಶನಕ್ಕೆ ಹೋಗಿ, ಕೈಮುಗಿದು ಬನ್ನಿ.

ಮರೀನ್ ಡ್ರೈವಿನ ವಿಷಯವನ್ನು ಹೇಳದಿದ್ದರೆ ಯುವಕರು ಈ ಪುಟವನ್ನು ಮಡಿಚಿಡುತ್ತಾರೆ. ಸುಮಾರು ಮೂರೂವರೆ ಕಿಲೋಮೀಟರಿನ ಆ ಬಾಗಿದ ದಂಡೆಯಲ್ಲಿ ಎಲ್ಲಿ ನಿಲ್ಲಬೇಕೆಂಬುದು ಮುಖ್ಯ. ಚೌಪಾಟಿಯ ತುದಿಯಲ್ಲಿ ನಿಂತವರಿಗೆ ಸೂರ್ಯನು ಮಲಬಾರ್ ಹಿಲ್ಲಿನ ಹಿಂದೆ ಇಳಿಯುತ್ತಾನೆ. ಕಡಲಿನಲ್ಲಿ ಮುಳುಗುವುದನ್ನು ನೋಡಬೇಕಾದವರು ನರಿಮನ್ ಪಾಯಿಂಟಿನ ತುದಿಗೆ ಹೋಗಬೇಕು. ಬೆಳಿಗ್ಗೆ ಆರೂವರೆಗೆ ಹೋದರೆ ಸೂರ್ಯಾಸ್ತ ಸಿಗಲಾರದು, ನಿಜ. ಆದರೆ ಆ ಹೊತ್ತಿನಲ್ಲಿ ಅಲ್ಲಿರುವ ನಿರ್ಮಲವಾದ ತಂಪು ಬೆಳಕು ಮತ್ತು ಖಾಲಿ ಕಟ್ಟೆ ಸಂಜೆಯ ಯಾವ ಬಣ್ಣಕ್ಕೂ ಕಡಿಮೆಯಲ್ಲ.

ಬಾಂದ್ರಾ ಕೋಟೆ 1640ರ ಪೋರ್ತುಗೀಜರ ಕಾವಲುಕಟ್ಟೆ. ಅಲ್ಲಿಂದ 2009ರಲ್ಲಿ ತೆರೆದ ಬಾಂದ್ರಾ ವರ್ಲಿ ಸೇತುವೆ ಚೆನ್ನಾಗಿ ಕಾಣುತ್ತದೆ. ಸೇತುವೆಯ ಮೇಲೆ ವಾಹನ ನಿಲ್ಲಿಸುವುದು, ನಡೆಯುವುದು ಎರಡೂ ನಿಷಿದ್ಧ. “ಎರಡೇ ನಿಮಿಷ” ಎನ್ನುವ ಫೋಟೋಗ್ರಾಫರನ ಮಾತಿಗೆ ಮರುಳಾಗಬೇಡಿ. ಇದಕ್ಕಿಂತ ಗಂಭೀರವಾದ ವಿಷಯ ಬಂಡೆಗಳದು. 2023ರ ಜುಲೈ ತಿಂಗಳಲ್ಲಿ ಬಾಂದ್ರಾದ ದಂಡೆಯ ಬಂಡೆಯ ಮೇಲೆ ಗಂಡನೊಡನೆ ಕುಳಿತಿದ್ದ ಗೃಹಿಣಿಯೊಬ್ಬರನ್ನು ಅಲೆಯೊಂದು ಎಳೆದುಕೊಂಡು ಹೋಯಿತು. ದಡದಲ್ಲಿ ನಿಂತು ಅವರ ಚಿತ್ರ ತೆಗೆಯುತ್ತಿದ್ದವರು ಅವರ ಮಕ್ಕಳೇ. ಕಡಲಿಗೆ ದಿನಕ್ಕೆರಡು ಸಲ ಭರತ ಬರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಅದು ನಾಲ್ಕೂವರೆ ಮೀಟರನ್ನು ಮೀರುವ ದಿನಗಳಿವೆ. ಭರತದ ವೇಳೆ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಅದನ್ನು ನೋಡದೆ ಯಾವ ತಂದೆತಾಯಿಗಳೂ ಮಕ್ಕಳನ್ನು ಕಡಲದಂಡೆಗೆ ಪಟಕ್ಕೆ ಕಳುಹಿಸಬಾರದು. ಒದ್ದೆಯಾದ, ಪಾಚಿ ಕಟ್ಟಿದ ಬಂಡೆಯ ಮೇಲೆ ರೇಷ್ಮೆ ಸೀರೆ ಉಟ್ಟು ಕಾಲಿಡುವ ಮಾತೇ ಬೇಡ.

ವಸಾಯಿಯ ಕೋಟೆ ದೂರ. ಆದರೆ ಪಾಳುಬಿದ್ದ ಗೋಡೆಗಳ ಮೇಲೆ ಬಳ್ಳಿ ಹಬ್ಬಿದ ನೋಟ ಮಳೆ ನಿಂತ ಬಳಿಕ ಮನೋಹರ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಸ್ಟ್ಯಾಂಡು, ದೀಪ, ವೀಡಿಯೋ ಮೊದಲಾದವುಗಳೊಡನೆ ಹೋಗುವವರು ಮೊದಲೇ ಅನುಮತಿ ಪಡೆಯಬೇಕು. ಬೊರಿವಲಿಯ ರಾಷ್ಟ್ರೀಯ ಉದ್ಯಾನ ಸೋಮವಾರ ಮುಚ್ಚಿರುತ್ತದೆ. ಶಿವಡಿಯ ಕೆಸರುದಂಡೆಗೆ ಚಳಿಗಾಲದಿಂದ ಮೇ ತಿಂಗಳವರೆಗೆ ರಾಜಹಂಸಗಳು ಬರುತ್ತವೆ. ಹಂಸ ಬೇಕೇಬೇಕೆನ್ನುವವರು ಸ್ಟುಡಿಯೋದ ಪರದೆಯ ಬದಲು ಅಲ್ಲಿಗೆ ಹೋಗಬಹುದು. ದೂರದಿಂದ ಗುಲಾಬಿ ಗೆರೆಯಾಗಿ ಕಾಣುತ್ತವೆ, ಅಷ್ಟಕ್ಕೆ ತೃಪ್ತಿಪಡಬೇಕು. ಡ್ರೋನ್ ಎಂಬ ಹಾರುವ ಕ್ಯಾಮರವನ್ನು ಅನುಮತಿಯಿಲ್ಲದೆ ಈ ನಗರದಲ್ಲಿ ಎಲ್ಲಿಯೂ ಹಾರಿಸುವಂತಿಲ್ಲ. ಪೋಲೀಸು ಠಾಣೆಯಲ್ಲಿ ನಿಶ್ಚಿತಾರ್ಥದ ಸಂಜೆ ಕಳೆಯಬೇಕಾದೀತು.

ಋತುವಿನ ಮಾತು ನಮ್ಮ ಪಂಚಾಂಗವೇ ಬಹುಪಾಲು ತೀರ್ಮಾನ ಮಾಡಿದೆ. ಆಷಾಢದಲ್ಲಿ ನಿಶ್ಚಿತಾರ್ಥವಿಲ್ಲ, ಮಹಾಲಯ ಪಕ್ಷದಲ್ಲಿ ಇಲ್ಲ, ಧನುರ್ಮಾಸವನ್ನೂ ಅನೇಕರು ಬಿಡುತ್ತಾರೆ. ಶ್ರಾವಣದ ನಿಶ್ಚಿತಾರ್ಥವಾದರೆ ಮಳೆ ಬರುತ್ತದೆಂದೇ ತಿಳಿದು, ಹಾರ್ನಿಮನ್ ಸರ್ಕಲಿನ ಸುತ್ತಲಿನ ಕಮಾನುಗಳ ಕೆಳಗಿನ ಓಣಿಗಳಂತಹ ಮಾಡು ಇರುವ ಜಾಗವನ್ನು ಗೊತ್ತುಮಾಡಿಕೊಳ್ಳಬೇಕು. ಅಕ್ಟೋಬರಿನ ಸೆಕೆಯಲ್ಲಿ ಹುಡುಗನಿಗೆ ಮೂರು ತುಂಡಿನ ಕೋಟು ತೊಡಿಸುವವರಿಗೆ ಅವನ ಮೇಲೆ ದಯೆಯಿಲ್ಲ. ಮಾಘ, ಫಾಲ್ಗುಣಗಳ ಬೆಳಗು ಎಲ್ಲಕ್ಕಿಂತ ಉತ್ತಮ. ಪಟದ ದಿನವನ್ನು ಶಾಸ್ತ್ರದ ದಿನದೊಂದಿಗೆ ಕಲಸಬೇಡಿ. ನಾಲ್ಕು ದಿನ ಮುಂಚೆಯೋ ನಂತರವೋ ಇರಲಿ. ಒಂದು ದಿನಕ್ಕೆ ಒಂದೇ ಸ್ಥಳ, ಹೆಚ್ಚೆಂದರೆ ನಡೆದು ಹೋಗುವಷ್ಟು ಸಮೀಪದ ಎರಡು. ಮೂರನೆಯದಕ್ಕೆ ಹೊರಟವರು ಆ ದಿನದ ಒಳ್ಳೆಯ ಬೆಳಕನ್ನೆಲ್ಲ ಟ್ಯಾಕ್ಸಿಯೊಳಗೆ ಕುಳಿತೇ ಕಳೆಯುತ್ತಾರೆ. ಮುಡಿದ ಮಲ್ಲಿಗೆಯೂ ಅಷ್ಟರಲ್ಲಿ ಬಾಡಿರುತ್ತದೆ.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ನಿಶ್ಚಿತಾರ್ಥವೆಂದರೆ ಮದುವೆಯಲ್ಲ. ನಿಶ್ಚಯವಾದ ಸಂಬಂಧಗಳು ಮುರಿಯುವುದುಂಟು. ಮುರಿಯಬೇಕಾದಾಗ ಮುರಿಯುವುದೇ ಒಳ್ಳೆಯದು. ಹಾಗಾದಾಗ ಎಲ್ಲೆಲ್ಲೂ ಹರಡಿದ ಪಟಗಳು ಹೆಣ್ಣಿನ ಕುತ್ತಿಗೆಗೆ ಬರುತ್ತವೆ. ಗಂಡಿನ ಪಟವನ್ನು ಯಾರೂ ಎತ್ತಿ ತೋರಿಸುವುದಿಲ್ಲ. ಸಂಬಂಧ ಬೇಡವೆನ್ನಲು ಕಾರಣವಿದ್ದರೂ, “ಊರೆಲ್ಲ ನೋಡಿಬಿಟ್ಟಿದೆಯಲ್ಲ” ಎಂದು ಹುಡುಗಿ ಬಾಯಿ ಮುಚ್ಚಿಕೊಳ್ಳುವಂತಾದರೆ ಅದು ಪಟದ ದೋಷವಲ್ಲ, ಹಂಚಿದವರ ದೋಷ. ಆದುದರಿಂದ ಫೋಟೋಗ್ರಾಫರನೊಡನೆ ಮೊದಲೇ ಬರಹದಲ್ಲಿ ಕರಾರು ಮಾಡಿಕೊಳ್ಳಿರಿ: ಎಷ್ಟು ಗಂಟೆ, ಎಷ್ಟು ಪಟ, ಮೂಲಪ್ರತಿಗಳು ಯಾರ ಬಳಿ, ಮತ್ತು ಹುಡುಗ ಹುಡುಗಿ ಇಬ್ಬರ ಒಪ್ಪಿಗೆಯಿಲ್ಲದೆ ಅವನು ತನ್ನ ಜಾಹೀರಾತಿಗೆ ಒಂದನ್ನೂ ಬಳಸಕೂಡದು. ಮನೆಯವರೂ ಅಷ್ಟೆ, ಯಾವ ಪಟ ಯಾರಿಗೆ ಹೋಗಬೇಕೆಂಬುದನ್ನು ಆ ಇಬ್ಬರೇ ಹೇಳಲಿ. ಖರ್ಚನ್ನು ಎರಡು ಮನೆಯವರೂ ಸಮನಾಗಿ ಹಂಚಿಕೊಳ್ಳುವುದು ಸರಿಯಾದ ಪದ್ಧತಿ. ಹೆಣ್ಣಿನ ತಂದೆಯ ಲೆಕ್ಕಕ್ಕೆ ಇದೊಂದು ಹೊಸ ಬಾಬು ಸೇರುವುದಾದರೆ ಮನೆಯ ಮಹಡಿಯ ಮೇಲೆ ಮೊಬೈಲಿನಲ್ಲಿಯೇ ತೆಗೆಯಿರಿ. ಸಂಜೆಯ ಬೆಳಕು ಅಲ್ಲಿಗೂ ಬರುತ್ತದೆ.

ಎಲ್ಲ ಮುಗಿದ ಮೇಲೆ, ಮೊಬೈಲಿನಲ್ಲಿರುವ ಇನ್ನೂರು ಪಟಗಳಲ್ಲಿ ಎರಡನ್ನಾದರೂ ಕಾಗದದ ಮೇಲೆ ಅಚ್ಚುಹಾಕಿಸಿ. ಒಂದರಲ್ಲಿ ಜೋಡಿ, ಮತ್ತೊಂದರಲ್ಲಿ ಎರಡು ಮನೆಯ ಹಿರಿಯರೂ ಇರಲಿ. ಪ್ರಯಾಣ ಮಾಡಲಾರದೆ ಊರಿನಲ್ಲೇ ಉಳಿದ ಅಜ್ಜಿಗೆ ಅಂಚೆಯಲ್ಲಿ ಕಳುಹಿಸುವಾಗ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಯಿರಿ: ಇವನು ಯಾರು, ಇವಳು ಯಾರು, ಯಾವ ತಾರೀಖು, ಹಿಂದೆ ಕಾಣುವ ಕಟ್ಟಡ ಯಾವುದು, ಅಲ್ಲಿಂದ ನಮ್ಮ ಮನೆ ಎಷ್ಟು ದೂರ. ಪೆನ್ನನ್ನು ಒತ್ತಿ ಬರೆಯಬೇಡಿ, ಮುಂಬದಿಯಲ್ಲಿ ಗೆರೆ ಮೂಡುತ್ತದೆ; ಮಸಿ ಒಣಗುವ ಮುನ್ನ ಒಂದರ ಮೇಲೊಂದು ಇಡಲೂ ಬೇಡಿ. ಲಕೋಟೆಯೊಳಗೆ ಎರಡು ಪಕ್ಕಕ್ಕೂ ರಟ್ಟು ಇಟ್ಟು ಕಳುಹಿಸಿದರೆ ಪಟ ಮಡಿಚದೆ ತಲುಪುತ್ತದೆ.